ಸ್ಟೆನ್ಸಿಲ್ ಎಸ್‌ವಿಜಿ: 6 ಇಂಚಿನದು 8 ಇಂಚಾಗಿ ತೆರೀತದ, ಬಳ್ಳಿ ಬರೀ ಸೀಳಾಗ್ತದ

ಪ್ರಶ್ನೆ (ಬೀದರ್)

ಬಿದರಿ ಬಳ್ಳಿಯ ಅಂಚಿರುವ ಡಿಸೈನ್ ಡೌನ್‌ಲೋಡ್ ಮಾಡೀನ್ರಿ. ಜಿಪ್ ಒಳಗ ಎಸ್‌ವಿಜಿ, ಡಿಎಕ್ಸ್‌ಎಫ್ (ಎರಡೂ ಗೆರೆಯ ಫೈಲು), ಪಿಎನ್‌ಜಿ (ಬರೀ ಚಿತ್ರ) ಮೂರೂ ಅವ. ನಡುವೆ ‘ಶರಣು ಶರಣಾರ್ಥಿ’ ಹಾಕಿ ಬಾಗಿಲ ಬೋರ್ಡಿಗೆ ಸ್ಟೆನ್ಸಿಲ್ (ಬಣ್ಣ ಒತ್ತಾಕ ತೂತು ಕೊರೆದ ಹಾಳೆ) ಮಾಡಬೇಕು. ಮಷೀನ್ ಕ್ರಿಕಟ್ (ಕಂಪ್ಯೂಟರ್ ಹೇಳಿದಂಗ ಬ್ಲೇಡಿನಿಂದ ಹಾಳೆ ಕೊಯ್ಯೂದು), ಹಾಳೆ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ).

ಅಗಲ 6 ಇಂಚು ಅಂತ ಬರೆದದ, ಕ್ರಿಕಟ್‌ನ ಡಿಸೈನ್ ಸ್ಪೇಸ್ ಸಾಫ್ಟ್‌ವೇರ್‌ನಾಗ 8 ತೋರಸ್ತದ. ಪರದೆ ಮ್ಯಾಲ ಬಳ್ಳಿ 2 ಮಿ.ಮೀ. ದಪ್ಪ ಕಾಣಸ್ತದ, ಕತ್ತರಿಸಿದರ ಒಂದೇ ಸೀಳು. ‘ಣು’ ಅಕ್ಷರದಾಗ ಕೊಂಬು ಕೂಡುವಲ್ಲಿ ಅಡ್ಡ ಬ್ಲೇಡ್ ಹೋಗ್ತದ. ಮಷೀನಿನ ತೊಂದರೆನೋ, ಫೈಲಿಂದೋ?

ಉತ್ತರ (ಕಲಬುರಗಿ)

ಮಷೀನಿಗೆ ಏನೂ ಆಗಿಲ್ಲ, ಮೂರೂ ಫೈಲಿನವೇ. ಜಿಪ್ ಅನ್ನು ಮೊದಲು ಎಕ್ಸ್‌ಟ್ರಾಕ್ಟ್ ಮಾಡಿ, ಎಸ್‌ವಿಜಿಯನ್ನೇ ಹಿಡಿಯಿರಿ. ಪಿಎನ್‌ಜಿ ಬೇಡ, ಅದನ್ನು ಟ್ರೇಸ್ ಮಾಡಿದರೆ ಅಂಚು ಹಲ್ಲುಹಲ್ಲಾಗುತ್ತದೆ.

ಅಳತೆಯ ಲೆಕ್ಕ ಸರಳ. ಇಂಥ ಫೈಲು ಬರೆಯುವ ಉಚಿತ ಸಾಫ್ಟ್‌ವೇರ್ ಇಂಕ್‌ಸ್ಕೇಪ್ 0.92ನೇ ಆವೃತ್ತಿಯಿಂದ ಈಚೆಗೆ ಇಂಚಿಗೆ 96 ಪಿಕ್ಸೆಲ್ ಹಿಡಿಯುತ್ತದೆ. ಡಿಸೈನ್ ಸ್ಪೇಸ್ 72 ಹಿಡಿಯುತ್ತದೆ. 6 ಇಂಚು ಎಂದರೆ 576 ಪಿಕ್ಸೆಲ್, ಅದನ್ನು 72ರಿಂದ ಭಾಗಿಸಿದರೆ ನಿಮ್ಮ 8 ಬಂತು. ಎಲ್ಲವನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ, ಬೀಗದ ಗುರುತು ಹಾಕಿಯೇ ಇರಲಿ, ಅಗಲಕ್ಕೆ 6 ಟೈಪ್ ಮಾಡಿ. ಒಂದೊಂದೇ ತುಂಡನ್ನು ಕುಗ್ಗಿಸಿದಿರೋ, ಬಳ್ಳಿ ಒಂದು ಕಡೆ, ಹೂವು ಒಂದು ಕಡೆ ಆಗುತ್ತದೆ.

ಸೀಳಿನದೇ ಮುಖ್ಯ ವಿಷಯ. ಬಿದರಿಯಲ್ಲಿ ತಾರ್‌ಕಶಿ ಅಂದರೆ ಬೆಳ್ಳಿ ತಂತಿ ಕೂರಿಸುವ ಕೆಲಸ. ಆ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವವರು ಒಂದೇ ಗೆರೆ ಎಳೆದು, ಅದಕ್ಕೆ 2 ಮಿ.ಮೀ. ಸ್ಟ್ರೋಕ್ (ಗೆರೆಯ ತೋರಿಕೆಯ ದಪ್ಪ) ಕೊಟ್ಟು ಬಿಡುತ್ತಾರೆ. ಕಣ್ಣಿಗೆ ದಪ್ಪ, ಬ್ಲೇಡಿಗೆ ಮಾತ್ರ ನಡುಗೆರೆ. ಇಂಕ್‌ಸ್ಕೇಪ್‌ನಲ್ಲಿ ತೆರೆದು ವ್ಯೂ ಮೆನುವಿನಲ್ಲಿ ಔಟ್‌ಲೈನ್ ಮೋಡ್ ಹಾಕಿ ನೋಡಿ: ಬಳ್ಳಿ ಒಂಟಿ ಗೆರೆಯಾಗಿ ಕಂಡರೆ ಇದೇ ಕಾಯಿಲೆ. ಬಳ್ಳಿಯನ್ನೆಲ್ಲ ಸೆಲೆಕ್ಟ್ ಮಾಡಿ ಪಾಥ್ ಮೆನುವಿನಿಂದ ಸ್ಟ್ರೋಕ್ ಟು ಪಾಥ್ ಕೊಡಿ (ದಪ್ಪಕ್ಕೆ ನಿಜವಾದ ಅಂಚು ಬರುತ್ತದೆ), ಆಮೇಲೆ ಯೂನಿಯನ್ (ತುಂಡುಗಳನ್ನು ಒಂದಾಗಿಸುವುದು). ಯೂನಿಯನ್ ಬಿಟ್ಟರೆ ಎಳೆಗಳು ಒಂದರ ಮೇಲೊಂದು ಹಾಯುವ ಕಡೆಯೆಲ್ಲ ಬ್ಲೇಡ್ ಓಡಿ ಹಾಳೆ ಚಿಂದಿಯಾಗುತ್ತದೆ. ನೋಡ್ (ಗೆರೆಯನ್ನು ಹಿಡಿದಿಡುವ ಬಿಂದು) ವಿಪರೀತ ಇದ್ದರೆ ಅವನ್ನು ತಗ್ಗಿಸುವ ಸಿಂಪ್ಲಿಫೈ ಒಂದು ಸಲ ಸಾಕು. ಸಾಲಾಗಿ ಒತ್ತುತ್ತ ಹೋದರೆ ಅದರ ಜೋರು ಹೆಚ್ಚಿ ಎಲೆಯ ಚೂಪು ಮೊಂಡಾಗುತ್ತದೆ.

ಎಲ್ಲ ಆದ ಮೇಲೆ ಪ್ಲೇನ್ ಎಸ್‌ವಿಜಿ ಎಂದು ಸೇವ್ ಮಾಡಿ.

ಉತ್ತರ (ಯಾದಗಿರಿ)

ಅಕ್ಷರದ ಬಗ್ಗೆ ನಾ ಹೇಳ್ತೀನಿ. ಕೊಂಬು, ದೀರ್ಘ, ಒತ್ತು ಎಷ್ಟೋ ಫಾಂಟಿನಾಗ ಬೇರೆ ಬೇರೆ ತುಂಡು, ಒಂದರ ಮೇಲೊಂದು ಕೂತಿರ್ತಾವ. ಬ್ಲೇಡ್ ಪ್ರತಿ ತುಂಡಿನ ಅಂಚನ್ನೂ ಕೊಯ್ತದ. ಡಿಸೈನ್ ಸ್ಪೇಸಿನ ಟೆಕ್ಸ್ಟ್ ಬಿಟ್ಟು ಇಂಕ್‌ಸ್ಕೇಪ್‌ನಾಗೇ ಯೂನಿಕೋಡ್ ಫಾಂಟ್‌ನಿಂದ ಟೈಪ್ ಮಾಡ್ರಿ. ಹಳೇ ನುಡಿ ಫೈಲಿನಿಂದ ಕಾಪಿ ಮಾಡೂದಿದ್ರ ಮೊದಲು ಯೂನಿಕೋಡ್‌ಗೆ ಬದಲಿಸ್ರಿ. ಕಾಗುಣಿತ ನೋಡಿಕೊಂಡು ಆಬ್ಜೆಕ್ಟ್ ಟು ಪಾಥ್ (ಅಕ್ಷರಾನ ಗೆರೆಯಾಗಿ ಮಾಡೂದು), ಅನ್‌ಗ್ರೂಪ್, ಯೂನಿಯನ್. ಪಾಥ್ ಆದ ಮ್ಯಾಲ ಅಕ್ಷರ ತಿದ್ದಾಕ ಬರಂಗಿಲ್ಲ; ಒಂದು ಪ್ರತಿ ಬದಿಗಿಡ್ರಿ.

ನನ್ನ ಕ್ಯಾಮಿಯೋಕ್ಕ (ಸಿಲ್ಹೌಟ್ ಕಂಪನಿಯ ಕೊಯ್ಯೂ ಮಷೀನ್) ಇದೇ ಫೈಲ್ ಹಾಕಬೇಕಂದ್ರ ಬೇರೆ ಪಂಚಾತಿ: ಅದರ ಸಾಫ್ಟ್‌ವೇರ್ ಸಿಲ್ಹೌಟ್ ಸ್ಟುಡಿಯೋದ ಉಚಿತ ಬೇಸಿಕ್ ಆವೃತ್ತಿ ಹೊರಗಿನ ಎಸ್‌ವಿಜಿ ತೆಗಿಯಂಗಿಲ್ಲ, ಡಿಎಕ್ಸ್‌ಎಫ್ ಬೇಕು.

ಪ್ರಶ್ನೆ (ಬೀದರ್)

ಬಳ್ಳಿ ಸರಿ ಬಂತು, ಕೊಂಬೂ ಸರಿ. ಆದರ ‘ರ’ ಒಳಗಿನ ಗುಂಡು ಉದುರಿ ಬೀಳ್ತದ. ‘ಥಿ’ ಹೊಟ್ಟಿನೂ ಹಂಗೇ.

ಉತ್ತರ (ಕಲಬುರಗಿ)

ಸ್ಟೆನ್ಸಿಲ್ ಎಂದಮೇಲೆ ಅದು ಬೀಳಲೇಬೇಕು. ಸುತ್ತ ಪೂರ್ತಿ ಕೊಯ್ದರೆ ಒಳಗಿನ ತುಂಡಿಗೆ ಆಸರೆ ಎಲ್ಲಿದೆ? ಸೇತುವೆ ಇಡಬೇಕು. 250 ಜಿಎಸ್‌ಎಂಗೆ 2 ಮಿ.ಮೀ. ಅಗಲದ ಎರಡು ಆಯತ ಬರೆದು, ಗುಂಡಿನ ಎಡಬಲದಲ್ಲಿ ಅಕ್ಷರದ ಗೆರೆಯ ಮೇಲೆ ಅಡ್ಡ ಇಡಿ. ಒಂದು ಆಯತ, ಅಕ್ಷರ ಎರಡನ್ನೂ ಸೆಲೆಕ್ಟ್ ಮಾಡಿ ಡಿಫರೆನ್ಸ್ (ಮೇಲಿನದರಷ್ಟನ್ನು ಕೆಳಗಿನದರಿಂದ ಕಳೆಯುವುದು), ಮತ್ತೊಂದಕ್ಕೂ ಹಾಗೇ. ಆಯತ ಮೇಲಿರಬೇಕು, ಕೆಳಗಿದ್ದರೆ ಅಕ್ಷರವೇ ಮಾಯ. ಅರ್ಕಾವೊತ್ತು ಬಿಡಿಯಾಗಿ ನಿಂತಿದ್ದರೂ ಚಿಂತೆಯಿಲ್ಲ, ಸ್ಟೆನ್ಸಿಲ್‌ನಲ್ಲಿ ಅದೊಂದು ತೂತು ಅಷ್ಟೆ. ಅದಕ್ಕೂ ‘ಥಿ’ಗೂ ನಡುವೆ ಮಾತ್ರ 2 ಮಿ.ಮೀ. ಹಾಳೆ ಉಳಿಯಲಿ, ಬಣ್ಣ ಒತ್ತುವಾಗ ಹರಿಯುವುದು ಅಲ್ಲೇ.

ಕತ್ತರಿಸುವ ಮುಂಚೆ ಡಿಸೈನ್ ಸ್ಪೇಸ್‌ನಲ್ಲಿ ಬಳ್ಳಿ, ಅಕ್ಷರ ಎರಡಕ್ಕೂ ಅಟ್ಯಾಚ್ ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹಾಳೆ ಉಳಿಸಲೆಂದು ಸಾಫ್ಟ್‌ವೇರ್ ತುಂಡುಗಳನ್ನು ತನಗೆ ಬೇಕಾದ ಕಡೆ ಜೋಡಿಸಿಬಿಡುತ್ತದೆ. ಮೊದಲು ಒಂದು ‘ರ’ ಮಾತ್ರ ಮೂಲೆಯಲ್ಲಿ ಕತ್ತರಿಸಿ, ಹಾಳೆ ಅಂಟಿಸಿಡುವ ಮ್ಯಾಟ್ ಮೇಲಿಂದ ಅದನ್ನು ಎಬ್ಬಿಸುವ ಬದಲು ಮ್ಯಾಟ್ ತಿರುಗಿಸಿ ಮ್ಯಾಟನ್ನೇ ಬಾಗಿಸಿ ಬಿಡಿಸಿ. ಹಾಳೆ ಎಳೆದರೆ ಸೇತುವೆ ಕಿತ್ತುಬರುತ್ತದೆ.