ಖಾನಾವಳಿಯ ಚಾಕುಗಳಿಗೆ ಯಾವ ಸಾಣೆಕಲ್ಲು?

ಪ್ರಶ್ನೆ (ವಿಜಯಪುರದಿಂದ):
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ರೊಟ್ಟಿ ಖಾನಾವಳಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಬದನೆಕಾಯಿ ಹೆಚ್ಚುವುದರಲ್ಲೇ ಬೆಳಗಿನ ಹೊತ್ತು ಮುಗಿಯುತ್ತದೆ. ಎರಡು ಸ್ಟೀಲ್ ಚಾಕು, ಒಂದು ಕಬ್ಬಿಣದ್ದು. ಸೈಕಲ್ ಮೇಲೆ ಸಾಣೆ ಹಿಡಿಯುವವರು ಓಣಿಗೆ ಬಂದಾಗ ಕೊಡುತ್ತೇನೆ. ಎರಡು ದಿನ ಚೂಪು, ಆಮೇಲೆ ಟೊಮೆಟೊ ಜಜ್ಜಿ ಹೋಗುತ್ತದೆ. ಒಂದು ಚಾಕು ಸವೆದು ನಡುವೆ ತಗ್ಗೇ ಬಿದ್ದಿದೆ. ಆನ್‌ಲೈನ್‌ನಲ್ಲಿ ನೋಡಿದರೆ 400, 1000, 3000, 8000 ಅಂತ ನಂಬರ್. ಇಡೀ ಸೆಟ್ ತರಿಸೋಣ ಅಂತಾನೆ ಮಗ. ಬೇಕಾ ಇಷ್ಟೆಲ್ಲ?

ಉತ್ತರ (ಬಾದಾಮಿಯಿಂದ):
ಅಕ್ಕಾರೆ, ಕಲ್ಲಿಗೆ ಯಾಕೆ ದುಡ್ಡು? ನಮ್ಮಲ್ಲಿ ಕುಡಗೋಲನ್ನು ಊರಿನ ಕೆಂಪು ಮರಳುಗಲ್ಲಿನ ಮೇಲೆ ನೀರು ಚಿಮುಕಿಸಿ ತಿಕ್ಕುತ್ತಾರೆ. ಬೇಕಾದರೆ ಒಂದು ತುಂಡು ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಉತ್ತರ (ಬೆಳಗಾವಿಯಿಂದ):
ಬಾದಾಮಿ ಕಲ್ಲು ಕುಡಗೋಲಿಗೆ ಸರಿ ಅಣ್ಣಾರೆ. ಜೋಳದ ದಂಟಿಗೆ ಒರಟು ಬಾಯಿ ನಡೆಯುತ್ತದೆ. ಆದರೆ ಅದರ ಮರಳು ಒಂದೇ ಗಾತ್ರದ್ದಲ್ಲ, ಚಾಕುವಿಗೆ ಗೀರು ಬೀಳುತ್ತದೆ.

ಅಕ್ಕಾರೆ, ನಾನು ಉದ್ಯಮಬಾಗದ ಮಶಿನ್ ಶಾಪ್‌ನಲ್ಲಿ ಫಿಟರ್ ಆಗಿದ್ದವನು. ನಂಬರ್ ಅಂದರೆ ತರಿ. ಕಡಿಮೆ ಇದ್ದರೆ ಒರಟು, ಜಾಸ್ತಿ ಆದಷ್ಟೂ ನಯ. 400ರಲ್ಲಿ ಹಾಳಾದ ಬಾಯಿ ಸರಿಯಾಗುತ್ತದೆ, 1000ದಲ್ಲಿ ಚೂಪಾಗುತ್ತದೆ. ಅದರಾಚೆಯದ್ದು ಗಟ್ಟಿ ಉಕ್ಕಿನ ಜಪಾನಿ ಚಾಕು ಇಟ್ಟುಕೊಂಡವರ ಶೋಕಿ. ನಮ್ಮ ಪೇಟೆಯ ಸ್ಟೀಲ್ ಮೆತ್ತಗೆ. 8000ದ ಹೊಳಪು ಒಂದು ಬುಟ್ಟಿ ಉಳ್ಳಾಗಡ್ಡಿಗೂ ನಿಲ್ಲಲ್ಲ. ಟೊಮೆಟೊ ಸಿಪ್ಪೆಯಂತೂ ಸ್ವಲ್ಪ ಒರಟು ಬಾಯಿಗೇ ಚೆನ್ನಾಗಿ ಸಿಗುತ್ತದೆ. ಒಂದು ಬದಿ 400, ಇನ್ನೊಂದು ಬದಿ 1000 ಇರುವ ಒಂದೇ ಕಲ್ಲು ತಗೊಳ್ಳಿ. ಉದ್ದ 8 ಇಂಚು ಇರಲಿ. ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಮ್ ಕಲ್ಲು ಅಗ್ಗ, ಆದರೆ ಅದರ ನಯ ಬದಿಯೂ 1000ಕ್ಕಿಂತ ಒರಟು. ಕಬ್ಬಿಣದ ಚಾಕುವಿಗೆ ಅಡ್ಡಿಯಿಲ್ಲ.

ಕಲ್ಲಿಗಿಂತ ಮುಖ್ಯ ಬರ್. ಒಂದು ಬದಿ ತಿಕ್ಕುತ್ತಾ ಹೋದ ಹಾಗೆ ಇನ್ನೊಂದು ಬದಿಗೆ ಸಣ್ಣ ಏಣು ಮಗುಚಿಕೊಳ್ಳುತ್ತದೆ, ಅದೇ ಬರ್. ಬೆನ್ನಿನಿಂದ ಬಾಯಿಯ ಕಡೆಗೆ ಹೆಬ್ಬೆರಳು ಮೆಲ್ಲಗೆ ಸವರಿದರೆ ತಡೆಯುತ್ತದೆ. ಬಾಯಿಯ ಉದ್ದಕ್ಕೂ ಅದು ಸಿಗುವ ತನಕ ಮಗ್ಗುಲು ಬದಲಿಸಬೇಡಿ. ಕೊನೆಗೆ ಕೈ ಹಗುರ ಮಾಡಿ, ಎರಡೂ ಬದಿ ಒಂದೊಂದು ಸಲ ಎಳೆದು ಬರ್ ತೆಗೆಯಿರಿ. ಬರ್ ಉಳಿದರೆ ಮೊದಮೊದಲು ಚೂಪು ಅನಿಸುತ್ತದೆ, ಮಡಚಿಕೊಂಡ ಕೂಡಲೇ ಮೊಂಡು. ಇನ್ನು ಒಣ ಚಕ್ರಕ್ಕೆ ಹಿಡಿದಾಗ ಬಾಯಿ ನೀಲಿಯಾಯಿತು ಅಂದರೆ ಆ ಜಾಗದ ಹದ ಹೋಯಿತು ಅಂತಲೇ ತಿಳಿಯಿರಿ.

ಪ್ರಶ್ನೆ ಕೇಳಿದವರು:
ಸರ್, ಎಷ್ಟು ಓರೆ ಹಿಡಿಯಬೇಕು? ಕಲ್ಲಿಗೆ ಕುಸುಬಿ ಎಣ್ಣೆ ನಡೆಯುತ್ತದಾ? ಗಾಣದ್ದು ಮನೆಯಲ್ಲಿ ಯಾವಾಗಲೂ ಇರುತ್ತದೆ.

ಉತ್ತರ (ಬೆಳಗಾವಿಯಿಂದ):
ಎಣ್ಣೆ ಬೇಡವೇ ಬೇಡ. ಕುಸುಬಿ ಎಣ್ಣೆ ಒಣಗಿ ಅಂಟಾಗಿ ಕಲ್ಲಿನ ತೂತು ಮುಚ್ಚುತ್ತದೆ. ನೀರು ಸಾಕು, ಗುಳ್ಳೆ ಏಳುವುದು ನಿಲ್ಲುವ ತನಕ ನೆನೆಸಿಡಿ. ಓರೆ 15ರಿಂದ 20 ಡಿಗ್ರಿ. ಅಲಗು 4 ಸೆಂ.ಮೀ. ಅಗಲ ಇದ್ದರೆ ಬೆನ್ನು 1 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಎತ್ತಿ. ಬಾಯಿಯ ಅಂಚಿಗೆ ಮಾರ್ಕರ್ ಬಳಿದು ಎರಡು ಸಲ ತಿಕ್ಕಿ ನೋಡಿ. ತುದಿವರೆಗೂ ಬಣ್ಣ ಹೋದರೆ ಓರೆ ಸರಿ. ಮೇಲಷ್ಟೇ ಹೋದರೆ ಬೆನ್ನು ಇನ್ನೂ ಎತ್ತಬೇಕು.

ತಗ್ಗು ಬಿದ್ದ ಚಾಕುವನ್ನು ಮೊದಲು 400ರ ಬದಿಯಲ್ಲಿ ನೇರ ಮಾಡಬೇಕು. ಹೊತ್ತು ಹಿಡಿಯುವ, ಬೇಜಾರಿನ ಕೆಲಸ. ಸೆಟ್ ಬೇಕು ಅಂದ ಮಗನಿಗೇ ಕೊಡಿ ಅದನ್ನು.