ಸ್ಟಾಕ್ ಕೂಲರ್‌ನಲ್ಲೇ ರೈಜನ್ 5 3600 ಓವರ್‌ಕ್ಲಾಕ್: 95 ಡಿಗ್ರಿ ಮುಟ್ಟಿ ರೀಸ್ಟಾರ್ಟ್ ಆಗುತ್ತಿದೆ

ನಲವತ್ತೆರಡು_ಎಕ್ಸ್:
ನಮಸ್ಕಾರ. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಡಬ್ಬದ ಜೊತೆ ಬಂದ ರೇತ್ ಸ್ಟೆಲ್ತ್ ಕೂಲರ್. ಬಯೋಸ್‌ನಲ್ಲಿ ಮಲ್ಟಿಪ್ಲೈಯರ್ 42 (ಅಂದರೆ ಕ್ಲಾಕ್ 4.2 ಗಿಗಾಹರ್ಟ್ಸ್), ಕೋರ್ ವೋಲ್ಟೇಜ್ 1.4, ಲೋಡ್ ಲೈನ್ ಕ್ಯಾಲಿಬ್ರೇಶನ್ (ಲೋಡ್ ಬಿದ್ದಾಗ ವೋಲ್ಟೇಜ್ ಇಳಿಯದಂತೆ ತಡೆಯುವ ಸೆಟ್ಟಿಂಗ್) ಎಲ್ಲಕ್ಕಿಂತ ಮೇಲಿನ ಲೆವೆಲ್‌ಗೆ ಇಟ್ಟಿದ್ದೇನೆ. ವಿಂಡೋಸ್ ಆರಾಮಾಗಿ ಬೂಟ್ ಆಗುತ್ತದೆ, ಬ್ರೌಸರ್, ವಿಡಿಯೋ ಎಲ್ಲ ಸರಿ. ಸಿನಿಬೆಂಚ್ ಆರ್23 (ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಸ್ಕೋರ್ ಹೇಳುವ ಟೆಸ್ಟ್) ಓಡಿಸಿದರೆ ಮಾತ್ರ ನೋಡುನೋಡುತ್ತಲೇ 95 ಡಿಗ್ರಿ, ಆಮೇಲೆ ಸ್ಕ್ರೀನ್ ಕಪ್ಪಾಗಿ ರೀಸ್ಟಾರ್ಟ್. ನೀಲಿ ಸ್ಕ್ರೀನ್ ಕೂಡ ಬರುವುದಿಲ್ಲ. ಗೇಮ್‌ನಲ್ಲಿ 85ರ ಆಸುಪಾಸು ಇರುತ್ತದೆ, ಫ್ಯಾನ್ ಸದ್ದು ತಡೆಯೋಕಾಗಲ್ಲ. ಚಿಪ್‌ಗೂ ಕೂಲರ್‌ಗೂ ನಡುವಿನ ಪೇಸ್ಟ್ ಬದಲಾಯಿಸಿದರೆ ಸರಿಹೋಗುತ್ತಾ? ಅಥವಾ ವೋಲ್ಟೇಜ್ ಇನ್ನೂ ಸ್ವಲ್ಪ ಏರಿಸಬೇಕಾ? ಹೊಸ ಕೂಲರ್ ಸದ್ಯಕ್ಕೆ ಬೇಡ, ಇದರಲ್ಲೇ ಎಷ್ಟು ಆಗುತ್ತೋ ಅಷ್ಟು ಸಾಕು.

ವಿಡ್ರೂಪ್:
ವೋಲ್ಟೇಜ್ ಏರಿಸಬೇಡಿ ಮಾರಾಯ್ರೆ, ಮೊದಲು ಇಳಿಸಿ.

ಲೆಕ್ಕ ನೋಡಿ. ಚಿಪ್ ಎಳೆಯುವ ಪವರ್ ಕ್ಲಾಕ್ ಏರಿದಷ್ಟೇ ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. 1.2 ವೋಲ್ಟ್‌ನಲ್ಲಿ 4.0 ಗಿಗಾಹರ್ಟ್ಸ್ ಓಡಿಸುವುದಕ್ಕೂ 1.4ರಲ್ಲಿ 4.2 ಓಡಿಸುವುದಕ್ಕೂ ಕ್ಲಾಕ್‌ನಲ್ಲಿ ಇರುವ ವ್ಯತ್ಯಾಸ ಶೇ. 5, ಶಾಖದಲ್ಲಿ ಹತ್ತಿರ ಹತ್ತಿರ ಶೇ. 43. ಲೀಕೇಜ್ (ಸುಮ್ಮನೆ ಸೋರುವ ಕರೆಂಟ್) ಸೇರಿಸಿದರೆ ಇನ್ನೂ ಜಾಸ್ತಿ. ಇದು 65 ವಾಟ್ ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಲೆಕ್ಕ) ಚಿಪ್, ಸ್ಟಾಕ್‌ನಲ್ಲಿದ್ದಾಗ (ಕಂಪನಿ ಕೊಟ್ಟ ಸೆಟ್ಟಿಂಗ್‌ನಲ್ಲಿ) ಸಾಕೆಟ್ ಪವರ್ 88 ವಾಟ್ ದಾಟದಂತೆ ತಾನೇ ನೋಡಿಕೊಳ್ಳುತ್ತದೆ. ಮಲ್ಟಿಪ್ಲೈಯರ್ ಕೈಯಾರೆ ಫಿಕ್ಸ್ ಮಾಡಿದ ಕೂಡಲೇ ಆ ಮಿತಿ ಹೋಯಿತು. ನಿಮ್ಮ ಕೂಲರ್ ಬರೀ ಅಲ್ಯುಮಿನಿಯಂ, ಒಳಗೆ ತಾಮ್ರ ಇಲ್ಲ, ಹೀಟ್ ಪೈಪ್ ಇಲ್ಲ. ಸ್ಟಾಕ್ ಚಿಪ್‌ಗೆ ಸಾಕು ಅಂತ ಮಾಡಿದ್ದು, ಅದಕ್ಕಿಂತ ಮೇಲೆ ಬಹಳ ಉಳಿದಿಲ್ಲ.

ಇನ್ನೊಂದು ಸಂಗತಿ. ಸಿಲಿಕಾನ್ ಬಿಸಿಯಾದಷ್ಟೂ ಅದೇ ಕ್ಲಾಕ್ ಹಿಡಿದಿಡೋಕೆ ಹೆಚ್ಚು ವೋಲ್ಟೇಜ್ ಕೇಳುತ್ತದೆ. ನೀವು ವೋಲ್ಟೇಜ್ ಏರಿಸುತ್ತೀರಿ, ಬಿಸಿ ಏರುತ್ತದೆ, ಬಿಸಿ ಏರಿದ್ದಕ್ಕೆ ಮತ್ತೆ ವೋಲ್ಟೇಜ್ ಸಾಲುವುದಿಲ್ಲ. 70 ಡಿಗ್ರಿಯಲ್ಲಿ ಗಟ್ಟಿಯಾಗಿ ನಿಲ್ಲುವ ಸೆಟ್ಟಿಂಗ್ 92ರಲ್ಲಿ ಬೀಳುತ್ತದೆ. ರೀಸ್ಟಾರ್ಟ್‌ಗೆ ಇದೇ ಕಾರಣ ಇರಬಹುದು ಅಂತ ನನ್ನ ಅಂದಾಜು. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಡಬ್ಲ್ಯೂಎಚ್‌ಇಎ-ಲಾಗರ್ 18 (ಹಾರ್ಡ್‌ವೇರ್ ದೋಷದ ದಾಖಲೆ) ಇದೆಯಾ ನೋಡಿ. ಕರ್ನಲ್-ಪವರ್ 41 ಮಾತ್ರ ಕಂಡರೆ ಅದರಿಂದ ಏನೂ ತಿಳಿಯುವುದಿಲ್ಲ, ಸಿಸ್ಟಂ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಅಷ್ಟೇ ಅರ್ಥ.

ನಲವತ್ತೆರಡು_ಎಕ್ಸ್:
18 ಇದೆ, 41 ಕೂಡ ಇದೆ. ಆದರೆ ಒಂದು ಡೌಟು. ಎಲ್ಲ ಆಟೋ ಇದ್ದಾಗಲೂ ಎಚ್‌ಡಬ್ಲ್ಯೂಇನ್ಫೋದಲ್ಲಿ (ಸೆನ್ಸರ್ ನಂಬರ್ ತೋರಿಸುವ ತಂತ್ರಾಂಶ) 1.45ವರೆಗೆ ತೋರಿಸುತ್ತಿತ್ತಲ್ಲ? ಹಾಗಿದ್ದರೆ 1.4 ಕಡಿಮೆಯೇ ಆಯಿತು ಅಲ್ವಾ?

ವಿಡ್ರೂಪ್:
ಇದನ್ನೇ ತುಂಬಾ ಜನ ಕೇಳುತ್ತಾರೆ. ಆಟೋದಲ್ಲಿ 1.45 ಕಾಣುವುದು ಲೋಡ್ ಕಡಿಮೆ ಇದ್ದಾಗ, ಒಂದೋ ಎರಡೋ ಕೋರ್ ಒಂದು ಕ್ಷಣ ಬೂಸ್ಟ್ ಆದಾಗ. ಆಗ ಹರಿಯುವ ಕರೆಂಟ್ ಕಡಿಮೆ. ಆರೂ ಕೋರ್‌ಗೆ ಕೆಲಸ ಬಿದ್ದ ತಕ್ಷಣ ಚಿಪ್ ತಾನೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ಆಟೋಗೆ ಹಾಕಿ, ಸಿನಿಬೆಂಚ್ ಓಡುತ್ತಿರುವಾಗಲೇ ಎಸ್‌ವಿಐ2 ಟಿಎಫ್‌ಎನ್ ಅನ್ನುವ ವೋಲ್ಟೇಜ್ ಸಾಲು ನೋಡಿ, 1.4ಕ್ಕಿಂತ ಚೆನ್ನಾಗಿ ಕೆಳಗಿರುತ್ತದೆ. ನೀವು ಮಾಡಿರುವುದು ಆರು ಕೋರ್, ಪೂರ್ತಿ ಕರೆಂಟ್, ಮೇಲೆ 1.4. ಅದರ ಜೊತೆ ಲೋಡ್ ಲೈನ್ ಕೊನೆ ಲೆವೆಲ್. ಆ ಲೆವೆಲ್‌ನಲ್ಲಿ ಲೋಡ್ ಥಟ್ಟನೆ ಇಳಿದಾಗ ವೋಲ್ಟೇಜ್ ನೀವು ಕೊಟ್ಟದ್ದಕ್ಕಿಂತ ಮೇಲೆ ಜಿಗಿಯುತ್ತದೆ. ನಡುವಿನ ಲೆವೆಲ್ ಸಾಕು, ಲೋಡ್‌ನಲ್ಲಿ ಸ್ವಲ್ಪ ಇಳಿದರೆ ಇಳಿಯಲಿ ಬಿಡಿ.

ಧೂಳು_ಫಿಲ್ಟರ್:
ವಿಡ್ರೂಪ್ ಹೇಳಿದ್ದು ಸರಿ. ಆದರೂ ಕೂಲರ್ ಸರಿಯಾಗಿ ಕೂತಿದೆಯಾ ನೋಡದೆ ಬಯೋಸ್‌ನಲ್ಲಿ ಸುಮ್ನೆ ಗುದ್ದಾಡಬೇಡಿ. ರೇತ್ ಸ್ಟೆಲ್ತ್‌ಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ ಇರುತ್ತವೆ. ಒಂದನ್ನು ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದಕ್ಕೆ ಹೋದರೆ ಓರೆಯಾಗಿ ಕೂರುತ್ತದೆ. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋಗಿ. ಕೂಲರ್ ಬಿಚ್ಚುವುದಾದರೆ ಮೊದಲು ಸಿಸ್ಟಂ ಸ್ವಲ್ಪ ಹೊತ್ತು ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಎಡಕ್ಕೆ ಬಲಕ್ಕೆ ತಿರುಚಿ ಎತ್ತಿ. ತಣ್ಣಗಿರುವಾಗ ನೇರ ಎಳೆದರೆ ಎಎಂ4 ಚಿಪ್ ಸಾಕೆಟ್‌ನಿಂದ ಕಿತ್ತುಕೊಂಡು ಕೂಲರ್ ಜೊತೆಗೇ ಬರುತ್ತದೆ, ಪಿನ್ ಬಾಗಿದರೆ ಓವರ್‌ಕ್ಲಾಕ್ ಮಾತೇ ಮುಗಿಯಿತು.

ಬಿಚ್ಚುವ ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. ಕೇಸ್‌ನ ಪಕ್ಕದ ಪ್ಯಾನೆಲ್ ತೆಗೆದು ಅದೇ ಟೆಸ್ಟ್ ಓಡಿಸಿ. ಈ ಕೂಲರ್ ಮೇಲಿಂದ ಗಾಳಿ ಎಳೆದು ಬೋರ್ಡ್ ಕಡೆಗೆ ಊದುತ್ತದೆ. ಕೇಸ್ ಒಳಗಿನ ಗಾಳಿ ಬಿಸಿ ಇದ್ದರೆ ಅದನ್ನೇ ಮತ್ತೆ ಮತ್ತೆ ಊದುತ್ತಿರುತ್ತದೆ, ಅದರಲ್ಲೂ ಗ್ರಾಫಿಕ್ಸ್ ಕಾರ್ಡ್ ಕೆಳಗೇ ಕೂತು ಬಿಸಿ ಉಗುಳುವಾಗ. ಪ್ಯಾನೆಲ್ ತೆಗೆದಾಗ 5 ಡಿಗ್ರಿಗಿಂತ ಜಾಸ್ತಿ ಇಳಿದರೆ ತೊಂದರೆ ಪೇಸ್ಟ್‌ನದ್ದಲ್ಲ, ಕೇಸ್‌ನದ್ದು. ಮುಂದುಗಡೆ ಒಂದು ಫ್ಯಾನ್ ಹಾಕಿ.

ಆಟೋ_ಇರಲಿ_ಬಿಡಿ:
ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಈ ಚಿಪ್ ಸ್ಟಾಕ್‌ನಲ್ಲೇ ಒಂದು ಕೋರ್‌ಗೆ 4.2ವರೆಗೆ ಬೂಸ್ಟ್ ಆಗುತ್ತದೆ, ಎಲ್ಲ ಕೋರ್ ಓಡಿದರೂ 3.9, 4.0ರ ಹತ್ತಿರ ನಿಲ್ಲುತ್ತದೆ. ನೀವು 4.0ಗೆ ಫಿಕ್ಸ್ ಮಾಡಿದರೆ ಒಂದು ಕೋರ್‌ನ ಬೂಸ್ಟ್ ಕಳೆದುಕೊಂಡಿರಿ, ಗೇಮ್‌ಗೆ ಬೇಕಾದದ್ದು ಬಹುತೇಕ ಅದೇ. 4.2ಗೆ ಫಿಕ್ಸ್ ಮಾಡಿದರೆ ಕೂಲರ್ ಸಾಲುವುದಿಲ್ಲ. ಎರಡೂ ಕಡೆ ನಷ್ಟ. ಪಿಬಿಒ (ಚಿಪ್‌ನ ಬೂಸ್ಟ್ ಮಿತಿ ಸಡಿಲಿಸುವ ಎಎಂಡಿ ಆಯ್ಕೆ) ಆನ್ ಮಾಡಿ ಪವರ್ ಮಿತಿ ಏರಿಸುವುದೂ ಈ ಕೂಲರ್‌ನಲ್ಲಿ ದಂಡ, ಕೊನೆಗೆ ಶಾಖವೇ ತಡೆಯುತ್ತದೆ. ನಿಜವಾಗಿ ಲಾಭ ಬೇಕಾದರೆ ರ್ಯಾಮ್ ನೋಡಿ. ಎಕ್ಸ್‌ಎಂಪಿ (ರ್ಯಾಮ್ ತನ್ನ ಪೂರ್ತಿ ಸ್ಪೀಡ್‌ನಲ್ಲಿ ಓಡುವಂತೆ ಮಾಡುವ ಬಯೋಸ್ ಸೆಟ್ಟಿಂಗ್) ಆನ್ ಇದೆಯಾ? ಇಲ್ಲದಿದ್ದರೆ 3200ರ ಸ್ಟಿಕ್ ಹಾಕಿಯೂ 2133ರಲ್ಲೋ 2400ರಲ್ಲೋ ಓಡುತ್ತಿರುತ್ತದೆ. ಇನ್ಫಿನಿಟಿ ಫ್ಯಾಬ್ರಿಕ್ (ಚಿಪ್‌ನ ಒಳಭಾಗಗಳನ್ನು ಜೋಡಿಸುವ ದಾರಿ) ಕೂಡ ರ್ಯಾಮ್ ಜೊತೆ ಹೆಜ್ಜೆ ಹಾಕುವುದರಿಂದ ಅದರಲ್ಲಿ ಸಿಗುವ ವೇಗ 100 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ ಸಿಗುವುದಿಲ್ಲ, ಬಿಸಿಯೂ ಅಷ್ಟಾಗಿ ಏರುವುದಿಲ್ಲ.

ವಿಡ್ರೂಪ್:
ಗೇಮ್‌ಗೆ ಆದರೆ ಒಪ್ಪುತ್ತೇನೆ. ರೆಂಡರಿಂಗ್, ಕಂಪೈಲ್ ಮಾಡುವವರಿಗೆ ಮಾತ್ರ ಕಡಿಮೆ ವೋಲ್ಟೇಜ್‌ನ ಫಿಕ್ಸೆಡ್ ಕ್ಲಾಕ್ ಈಗಲೂ ಕೆಲಸಕ್ಕೆ ಬರುತ್ತದೆ. 40 ಮಲ್ಟಿಪ್ಲೈಯರ್, 1.2 ವೋಲ್ಟ್‌ನಿಂದ ಶುರು ಮಾಡಿ. ನಿಂತರೆ 25 ಮೆಗಾಹರ್ಟ್ಸ್ ಏರಿಸಿ. ಬಿದ್ದರೆ ವೋಲ್ಟೇಜ್ ಒಂದು ಹೆಜ್ಜೆ ಮೇಲೆ. ಲೋಡ್‌ನಲ್ಲಿ 85 ಡಿಗ್ರಿ ದಾಟುವ ಜಾಗವೇ ನಿಮ್ಮ ಕೊನೆ, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲಿ. ಎಲ್ಲರ ಚಿಪ್ ಒಂದೇ ಥರ ಇರುವುದಿಲ್ಲ, ಬೇರೆಯವರ ನಂಬರ್ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಬೂಟ್ ಆಗದಿದ್ದರೆ ಪವರ್ ಕೇಬಲ್ ತೆಗೆದು ಸಿಮಾಸ್ ಕ್ಲಿಯರ್ ಮಾಡಿ (ಬಯೋಸ್ ಸೆಟ್ಟಿಂಗ್ ಅಳಿಸಿ ಮೊದಲಿನಂತೆ ಮಾಡುವುದು). ಅಂದ ಹಾಗೆ, ಪಿಬಿಒ ಆಗಲಿ ಮ್ಯಾನುವಲ್ ಆಗಲಿ, ಓವರ್‌ಕ್ಲಾಕ್‌ನಿಂದ ಚಿಪ್ ಹೋದರೆ ವಾರಂಟಿ ಇಲ್ಲ ಅಂತ ಎಎಂಡಿಯೇ ಹೇಳುತ್ತದೆ.

ನಲವತ್ತೆರಡು_ಎಕ್ಸ್:
ಅಪ್‌ಡೇಟ್. ಪ್ಯಾನೆಲ್ ತೆಗೆದಾಗ 3 ಡಿಗ್ರಿ ಮಾತ್ರ ಇಳಿಯಿತು, ಅಂದರೆ ಕೇಸ್ ಪರವಾಗಿಲ್ಲ. ಸ್ಕ್ರೂ ಎಲ್ಲ ಸಮ ಇವೆ. 4.05 ಗಿಗಾಹರ್ಟ್ಸ್, 1.2125 ವೋಲ್ಟ್, ಲೋಡ್ ಲೈನ್ ನಡುವಿನದ್ದು. ಸಿನಿಬೆಂಚ್ 10 ನಿಮಿಷದ ಟೆಸ್ಟ್‌ನಲ್ಲಿ 81 ಡಿಗ್ರಿ, ರೀಸ್ಟಾರ್ಟ್ ಇಲ್ಲ. ರ್ಯಾಮ್ 2400ರಲ್ಲಿ ಮಲಗಿತ್ತು, ಈಗ 3200. ಗೇಮ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತಿದೆ. ಇನ್ನೊಂದು ಕಡೆ ಆಟೋ ಕ್ಲಾಕ್ ಇಟ್ಟು ವೋಲ್ಟೇಜ್‌ಗೆ ಮೈನಸ್ 0.1 ಆಫ್‌ಸೆಟ್ ಕೊಟ್ಟು ನೋಡಿದೆ, ಬಿಸಿ ಚೆನ್ನಾಗಿ ಇಳಿಯಿತು, ಕ್ಲಾಕ್ ಅಷ್ಟೇ ತೋರಿಸಿತು, ಆದರೆ ಸ್ಕೋರ್ ಬಿದ್ದುಹೋಯಿತು. ಯಾಕೆ?

ವಿಡ್ರೂಪ್:
ಕ್ಲಾಕ್ ಸ್ಟ್ರೆಚಿಂಗ್. ವೋಲ್ಟೇಜ್ ಸಾಲದಾದಾಗ ಚಿಪ್ ಕ್ರ್ಯಾಶ್ ಆಗುವ ಬದಲು ಒಳಗೊಳಗೇ ಕ್ಲಾಕ್ ಎಳೆದು ನಿಧಾನ ಮಾಡಿಕೊಳ್ಳುತ್ತದೆ, ಹೊರಗೆ ಮಾತ್ರ ಅದೇ ನಂಬರ್. ಎಚ್‌ಡಬ್ಲ್ಯೂಇನ್ಫೋದಲ್ಲಿ ಎಫೆಕ್ಟಿವ್ ಕ್ಲಾಕ್ ಸಾಲು ನೋಡಿದರೆ ಸಿಕ್ಕಿಬೀಳುತ್ತದೆ. ಮೈನಸ್ 0.025ರಿಂದ ಶುರು ಮಾಡಿ, ಪ್ರತಿ ಸಲ ಸ್ಕೋರ್ ಹೋಲಿಸಿ, ಇಳಿಯಲು ಶುರುವಾದ ಕಡೆ ನಿಲ್ಲಿಸಿ.

ನಿಮ್ಮ 4.05 ಸೆಟ್ಟಿಂಗ್‌ಗೆ ಪ್ರೈಮ್95 ಸ್ಮಾಲ್ ಎಫ್‌ಎಫ್‌ಟಿ ಅನ್ನುವ ಕಠಿಣ ಟೆಸ್ಟ್ ಒಂದು ಗಂಟೆ ಓಡಿಸಿ, ಬಿಸಿ ಇನ್ನೂ ಏರುತ್ತದೆ, 90 ಹತ್ತಿರ ಬಂದರೆ ನಿಲ್ಲಿಸಿ. ಆಮೇಲೆ ಈವೆಂಟ್ ವ್ಯೂವರ್‌ನಲ್ಲಿ ಮತ್ತೆ 18 ಬಂದಿದೆಯಾ ನೋಡಿ. ರ್ಯಾಮ್ ಹೊಸ ಸ್ಪೀಡ್‌ಗೆ ಹೋಗಿದೆಯಲ್ಲ, ಅದಕ್ಕೂ ಬೇರೆಯಾಗಿ ಒಂದು ಮೆಮೊರಿ ಟೆಸ್ಟ್ ಮಾಡಿ. ಎರಡೂ ಒಟ್ಟಿಗೆ ಬದಲಾಯಿಸಿದರೆ ನಾಳೆ ಕ್ರ್ಯಾಶ್ ಆದಾಗ ಯಾವುದರದ್ದು ಅಂತ ಗೊತ್ತಾಗುವುದಿಲ್ಲ.

ಧೂಳು_ಫಿಲ್ಟರ್:
ಫ್ಯಾನ್ ಸದ್ದಿಗೆ: ರೈಜನ್ 3000 ಖಾಲಿ ಕೂತಿದ್ದಾಗಲೂ 40ರಿಂದ 55ಕ್ಕೆ ಹಾರುತ್ತಿರುತ್ತದೆ, ಅದು ಮಾಮೂಲು. ಅದಕ್ಕೆ ಫ್ಯಾನ್ ಪ್ರತಿ ಸಲ ಕಿರುಚಬೇಕಾಗಿಲ್ಲ. ಬಯೋಸ್‌ನ ಫ್ಯಾನ್ ಕರ್ವ್‌ನಲ್ಲಿ 60 ಡಿಗ್ರಿವರೆಗೆ ಒಂದೇ ಸ್ಪೀಡ್ ಇಟ್ಟು, ಆಮೇಲೆ ಏರುವ ಹಾಗೆ ಮಾಡಿ. ರ್ಯಾಂಪ್ ಅಪ್ ಡಿಲೇ ಅಂತ ಆಪ್ಷನ್ ಇದ್ದರೆ ಅದನ್ನೂ ಕೆಲವು ಸೆಕೆಂಡ್ ಇಡಿ. ಎಲ್ಲ ಆದ ಮೇಲೆ ಸೆಟ್ಟಿಂಗ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ, ಬಯೋಸ್ ಅಪ್‌ಡೇಟ್ ಮಾಡಿದರೆ ಸೇವ್ ಮಾಡಿದ ಪ್ರೊಫೈಲ್ ಕೂಡ ಅಳಿಸಿಹೋಗಬಹುದು.