ಕರೆಂಟ್ ಹೋಗಿ ಬಂದರೆ ಸರ್ವರ್‌ನ ಐಪಿ ಮಾಯ: ಟರ್ಮಿನಲ್‌ನಲ್ಲೇ ಖಾಯಂ ಮಾಡುವುದು ಹೇಗೆ?

ಪ್ರಶ್ನೆ (ಚಿತ್ರದುರ್ಗದಿಂದ):
ದಾವಣಗೆರೆ ಮಂಡಿಪೇಟೆಯ ಅಂಗಡಿಯಲ್ಲಿ ಉಬುಂಟು ಸರ್ವರ್ 24.04 ಇದೆ. ಬಿಲ್ಲಿಂಗ್ ಫೈಲುಗಳೆಲ್ಲ ಅದರಲ್ಲೇ. ಡೆಸ್ಕ್‌ಟಾಪ್ ಇಲ್ಲ, ಬರೀ ಕಪ್ಪು ಪರದೆ. ಡಿಎಚ್‌ಸಿಪಿ (ರೌಟರ್ ತಾನಾಗಿ ಐಪಿ ಹಂಚುವ ವ್ಯವಸ್ಥೆ) ಕೊಟ್ಟ ಅಡ್ರೆಸ್ ತೆಗೆದು 192.168.1.50 ಹಾಕಿದೆ. ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿಯಾದ ರೌಟರ್, 192.168.1.1) ಸೇರಿಸಲು ಹೋದರೆ ‘ನೆಕ್ಸ್ಟ್‌ಹಾಪ್ ಹ್ಯಾಸ್ ಇನ್‌ವ್ಯಾಲಿಡ್ ಗೇಟ್‌ವೇ’ ಎಂದಿತು. ಹೇಗೋ ಸರಿಯಾಯಿತು, ಆದರೆ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ 192.168.1.23. ಈಗ ಅಂಗಡಿಯ ವಿಂಡೋಸ್ ಪಿಸಿಗೆ ರಿಮೋಟ್ ಆಗಿ, ಅಲ್ಲಿಂದ ಸರ್ವರ್‌ಗೆ ಎಸ್‌ಎಸ್‌ಎಚ್ (ಬೇರೆ ಮಷೀನ್‌ನ ಟರ್ಮಿನಲ್ ತೆರೆಯುವ ದಾರಿ) ಆಗುತ್ತೇನೆ. ಇಲ್ಲಿಂದಲೇ ಸರಿ ಮಾಡಬಹುದೇ?

ಉತ್ತರ (ನೆಟ್‌ವರ್ಕ್ ಅಡ್ಮಿನ್, ದಾವಣಗೆರೆ):
ಮಾಡಬಹುದು. ಮೊದಲು ಆ ಎರರ್. ‘ಐಪಿ ಅಡ್ರ್ ಆಡ್’ ಕೊಡುವಾಗ 50ರ ಮುಂದೆ /24 (ಮೊದಲ ಮೂರು ಅಂಕಿಗುಂಪು ಒಂದೇ ಇರುವವರೆಲ್ಲ ಒಂದೇ ನೆಟ್‌ವರ್ಕ್ ಎನ್ನುವ ಮಾಸ್ಕ್) ಬಿಟ್ಟಿದ್ದೀರಿ. ಬಿಟ್ಟರೆ ಅದು /32 ಆಗುತ್ತದೆ. ಆಗ ಮಷೀನ್‌ನ ಲೆಕ್ಕದಲ್ಲಿ ನೆಟ್‌ವರ್ಕ್‌ನಲ್ಲಿ ತಾನೊಬ್ಬನೇ, 192.168.1.1 ಹೊರಗಿನವನು. ಹಳೆಯ ‘ಐಎಫ್‌ಕಾನ್ಫಿಗ್’ ಮಾಸ್ಕನ್ನು ತಾನೇ ಊಹಿಸುತ್ತಿತ್ತು, ‘ಐಪಿ’ ಊಹಿಸುವುದಿಲ್ಲ.

‘ಐಪಿ’ ಕಮಾಂಡ್ ಬದಲಿಸುವುದು ಚಾಲನೆಯಲ್ಲಿರುವ ಕರ್ನಲ್‌ನ ಸ್ಥಿತಿಯನ್ನು ಮಾತ್ರ, ಯಾವ ಫೈಲಿಗೂ ಬರೆಯುವುದಿಲ್ಲ. ಪ್ರಯೋಗಕ್ಕೆ ಅದು ಒಳ್ಳೆಯದೇ. ಖಾಯಂ ಆಗಬೇಕಾದರೆ ‘/ಇಟಿಸಿ/ನೆಟ್‌ಪ್ಲಾನ್’ ಫೋಲ್ಡರ್‌ನ ಯಾಮಲ್ (ಸೆಟ್ಟಿಂಗ್ ಬರೆಯುವ ಪಠ್ಯ ರೂಪ) ಫೈಲಿನಲ್ಲಿ ಬರೆಯಬೇಕು. ಫೈಲು ಒಂದೇ ಇದೆಯೇ ನೋಡಿ. ಹೆಚ್ಚಿದ್ದರೆ ನೆಟ್‌ಪ್ಲಾನ್ (ಉಬುಂಟುವಿನಲ್ಲಿ ನೆಟ್‌ವರ್ಕ್ ಹೊಂದಿಸುವ ಸಾಧನ) ಫೈಲ್ ಹೆಸರುಗಳ ಅಕ್ಷರಕ್ರಮದಲ್ಲಿ ಎಲ್ಲವನ್ನೂ ಓದಿ ಬೆರೆಸುತ್ತದೆ. ಇಂಟರ್‌ಫೇಸ್ (ನೆಟ್‌ವರ್ಕ್ ಕಾರ್ಡ್) ಹೆಸರಿಗೆ ‘ಐಪಿ -ಬಿಆರ್ ಎ’ ಕೊಡಿ. ಕೊನೆಗೆ ಬೇಕಾದ ರೂಪ ಇದು (ಇಲ್ಲಿ ಉಚ್ಚಾರದಂತೆ ಇದೆ, ಫೈಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರ):

ನೆಟ್‌ವರ್ಕ್:
  ವರ್ಷನ್: 2
  ಈಥರ್ನೆಟ್ಸ್:
    ಇಎನ್‌ಪಿ3ಎಸ್0:
      ಡಿಎಚ್‌ಸಿಪಿ4: ಫಾಲ್ಸ್
      ಅಡ್ರೆಸಸ್: [192.168.1.50/24]
      ರೌಟ್ಸ್:
        - ಟು: ಡಿಫಾಲ್ಟ್
          ವಯಾ: 192.168.1.1
      ನೇಮ್‌ಸರ್ವರ್ಸ್:
        ಅಡ್ರೆಸಸ್: [192.168.1.1, 8.8.8.8]

ಅಂಚು ಬಿಡಲು ಸ್ಪೇಸ್ ಮಾತ್ರ. ಒಂದೇ ಒಂದು ಟ್ಯಾಬ್ ಬಿದ್ದರೂ ಫೈಲ್ ಒಪ್ಪುವುದಿಲ್ಲ. ಹಳೆಯ ಪಾಠಗಳಲ್ಲಿರುವ ‘ಗೇಟ್‌ವೇ4’ ಸಾಲು ಬೇಡ, ಅದನ್ನು ಕೈಬಿಡಲಾಗುತ್ತಿದೆ ಎಂಬ ಎಚ್ಚರಿಕೆ ಬರುತ್ತದೆ. ಫೈಲಿನ ಅನುಮತಿ 600 (ಮಾಲೀಕ ಮಾತ್ರ ಓದಿ ಬರೆಯುವಂತೆ) ಇರಲಿ.

ಆದರೆ ದುರ್ಗದಲ್ಲಿ ಕೂತು ಇದನ್ನು ಒಂದೇ ಏಟಿಗೆ ಹಾಕಬೇಡಿ. ನೀವು ಒಳಗೆ ಹೋಗಿರುವುದೇ 23ರ ಮೂಲಕ, ಅದು ಹೋದ ಕ್ಷಣ ನಿಮ್ಮ ಸೆಷನ್ ಅಲ್ಲೇ ನಿಲ್ಲುತ್ತದೆ. ಮೊದಲ ಸುತ್ತಿನಲ್ಲಿ ಡಿಎಚ್‌ಸಿಪಿ4 ‘ಟ್ರೂ’ ಆಗಿಯೇ ಇರಲಿ, ‘ಅಡ್ರೆಸಸ್’ ಸಾಲು ಮಾತ್ರ ಸೇರಿಸಿ ‘ಸುಡೋ ನೆಟ್‌ಪ್ಲಾನ್ ಟ್ರೈ’ ಕೊಡಿ. 120 ಸೆಕೆಂಡಿನೊಳಗೆ ಎಂಟರ್ ಒತ್ತಿದರೆ ಉಳಿಯುತ್ತದೆ, ಒತ್ತದಿದ್ದರೆ ಹಳೆಯದಕ್ಕೆ ತಾನೇ ಮರಳುತ್ತದೆ. ಈಗ ಕಾರ್ಡಿಗೆ ಎರಡೂ ಅಡ್ರೆಸ್. 50ಕ್ಕೆ ಹೊಸ ಎಸ್‌ಎಸ್‌ಎಚ್ ತೆಗೆದು, ಆ ಸೆಷನ್‌ನಿಂದಲೇ ಉಳಿದ ಸಾಲುಗಳನ್ನು ಬರೆದು ಮತ್ತೆ ‘ಟ್ರೈ’ ಕೊಡಿ. 23 ಬಿದ್ದುಹೋದರೂ ನೀವು ಒಳಗೇ ಇರುತ್ತೀರಿ.

ಇನ್ನೊಬ್ಬರ ಉತ್ತರ (ಹಾರ್ಡ್‌ವೇರ್ ಸರ್ವಿಸ್):
ಅದಕ್ಕೂ ಮುಂಚೆ ರೌಟರ್‌ನ ಡಿಎಚ್‌ಸಿಪಿ ವ್ಯಾಪ್ತಿ ನೋಡಿ. 50 ಅದರೊಳಗಿದ್ದರೆ ಮುಂದೊಂದು ದಿನ ಯಾರದೋ ಮೊಬೈಲಿಗೂ ಅದೇ ನಂಬರ್ ಹೋಗಬಹುದು. ಸರ್ವರ್ ಒಮ್ಮೆ ಸಿಗುತ್ತೆ, ಒಮ್ಮೆ ಸಿಗಲ್ಲ. ಇದು ಹುಡುಕಲು ಬಲು ಕಾಟದ ದೋಷ. ವ್ಯಾಪ್ತಿಯನ್ನು 100ರಿಂದ ಶುರುಮಾಡಿ. ರೌಟರ್‌ನಲ್ಲೇ ಸರ್ವರ್‌ನ ಮ್ಯಾಕ್ ಅಡ್ರೆಸ್‌ಗೆ (ಕಾರ್ಡಿನ ಸ್ವಂತ ಗುರುತಿನ ನಂಬರ್) ಐಪಿ ಕಾಯ್ದಿರಿಸಿದರೆ ಸರ್ವರ್ ಮುಟ್ಟುವುದೇ ಬೇಡ ಅಲ್ಲವೇ?

ಉತ್ತರ (ನೆಟ್‌ವರ್ಕ್ ಅಡ್ಮಿನ್):
ವ್ಯಾಪ್ತಿಯ ಮಾತು ಪೂರ್ತಿ ಒಪ್ಪುತ್ತೇನೆ. ಕಾಯ್ದಿರಿಸುವುದೂ ಆಗುತ್ತೆ, ಆದರೆ ರೌಟರ್ ಬದಲಿಸಿದ ದಿನ ಅದು ಹೋಯಿತು. ಫೈಲ್ ಸರ್ವರ್‌ಗೆ ನನ್ನ ಮತ ಸರ್ವರ್‌ನಲ್ಲೇ ಸ್ಟ್ಯಾಟಿಕ್ (ಖಾಯಂ) ಐಪಿ.

ಪ್ರಶ್ನೆ ಕೇಳಿದವರು:
ಎರಡೂ ಸುತ್ತು ಮುಗಿಯಿತು, ರೀಬೂಟ್ ಆದಮೇಲೂ 50 ಉಳಿದಿದೆ. 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಹೋಗುತ್ತೆ, ಹೆಸರು ಕೊಟ್ಟರೆ ಮಾತ್ರ ಇಲ್ಲ. ದೊಡ್ಡ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 11 ಎಂಬಿ ದಾಟಲ್ಲ.

ಉತ್ತರ (ನೆಟ್‌ವರ್ಕ್ ಅಡ್ಮಿನ್):
ಪಿಂಗ್ ಹೋಯಿತೆಂದರೆ ಸಂಪರ್ಕ, ಐಪಿ, ಗೇಟ್‌ವೇ ಮೂರೂ ಇವೆ. ಉಳಿದದ್ದು ಡಿಎನ್‌ಎಸ್, ಅಂದರೆ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ. ಡಿಎಚ್‌ಸಿಪಿ ನಿಲ್ಲಿಸಿದರೆ ಅದು ತರುತ್ತಿದ್ದ ನೇಮ್‌ಸರ್ವರ್ ಕೂಡ ನಿಲ್ಲುತ್ತದೆ. ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ನಲ್ಲಿ ನಿಮ್ಮ ಕಾರ್ಡಿನ ಕೆಳಗೆ ಏನೂ ಕಾಣದಿದ್ದರೆ ಯಾಮಲ್‌ನ ಕೊನೆಯ ಎರಡು ಸಾಲು ಬಿಟ್ಟುಹೋಗಿದೆ, ಅಥವಾ ಅಂಚು ತಪ್ಪಿದೆ. ‘ರಿಸಾಲ್ವ್.ಕಾನ್ಫ್’ ಫೈಲನ್ನು ಕೈಯಲ್ಲಿ ತಿದ್ದಬೇಡಿ. ಅದರಲ್ಲಿ ಕಾಣುವ 127.0.0.53 (ಮಷೀನ್‌ನ ಒಳಗೇ ಇರುವ ಡಿಎನ್‌ಎಸ್ ಸೇವೆ) ಸರಿಯಾಗಿಯೇ ಇದೆ.

11 ಎಂಬಿ ಎಂದರೆ (ಒಂದು ಬೈಟ್‌ಗೆ ಎಂಟು ಬಿಟ್) ಲಿಂಕ್ 100 ಮೆಗಾಬಿಟ್‌ಗೆ ಇಳಿದಿದೆ. ‘ಸುಡೋ ಈಥ್‌ಟೂಲ್ ಇಎನ್‌ಪಿ3ಎಸ್0’ ಕೊಟ್ಟು ‘ಸ್ಪೀಡ್’ ಸಾಲು ಓದಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಸಾಕು. ಸ್ವಿಚ್ಚೇ 100ರದ್ದಾಗಿದ್ದರೆ ಮಾತು ಬೇರೆ, ಇಲ್ಲದಿದ್ದರೆ ಮೊದಲ ಅನುಮಾನ ಕ್ರಿಂಪಿಂಗ್ (ಕೇಬಲ್ ತುದಿಗೆ ಪ್ಲಗ್ ಕೂರಿಸಿದ ರೀತಿ) ಮೇಲೆ. ಇದೊಂದಕ್ಕೆ ಮಾತ್ರ ಅಂಗಡಿಗೆ ಯಾರಾದರೂ ಹೋಗಲೇಬೇಕು.